ಬೂಟು ಕೇಳುವ ಬಾಗಿಲು

ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಇಸಳೂರು ನನ್ನ ಊರು. ನಮ್ಮ ಕಡೆ ತೋಟ-ಗದ್ದೆಗಳಿಗೆ ಹೋಗುವ ದಾರಿಯಲ್ಲಿ ಉಣಗೋಲು ಎಂಬ ಒಂದು ಬಾಗಿಲು ಇರುತ್ತದೆ. ಎದುರುಬದುರು ಎರಡು ಕಂಬ, ಕಂಬಗಳಲ್ಲಿ ತೂತು, ಆ ತೂತುಗಳಲ್ಲಿ ಅಡ್ಡಡ್ಡ ಸಿಕ್ಕಿಸಿದ ಮೂರೋ ನಾಲ್ಕೋ ಗಳ. ಅಷ್ಟೇ ಅದರ ರಚನೆ. ಬೀಗವಿಲ್ಲ, ಕಾವಲುಗಾರನಿಲ್ಲ. ಮನುಷ್ಯನಾದವನು ಗಳ ಸರಿಸಿ ಒಳಗೆ ಹೋಗುತ್ತಾನೆ, ಮತ್ತೆ ಅದನ್ನು ಇದ್ದಲ್ಲಿಗೆ ಸಿಕ್ಕಿಸುತ್ತಾನೆ. ದನ ಹೊರಗೇ ನಿಲ್ಲುತ್ತದೆ. ಬಂದವನು ಪಂಚೆ ಉಟ್ಟಿದ್ದಾನೋ ಚಡ್ಡಿ ಹಾಕಿದ್ದಾನೋ ಎಂದು ಉಣಗೋಲು ನೋಡುವುದಿಲ್ಲ. ಒಳಗಿನ ಬೆಳೆಗೆ ಹಾನಿಯಾಗಬಾರದು ಎಂಬುದೊಂದೇ ಅದರ ನಿಯಮ. ಬಾಗಿಲಿಗೊಂದು ನಿಯಮ ಏಕೆ ಬೇಕು ಎಂಬುದನ್ನು ನಾನು ಮೊದಲು ಕಲಿತದ್ದು ಈ ಉಣಗೋಲಿನಿಂದ.

ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಇನ್ನೊಂದು ಬಗೆಯ ಬಾಗಿಲಿನ ವಿಷಯ. ಅದು ಜೂಜಿನ ಮನೆಯ ಬಾಗಿಲು. ಇಂಗ್ಲಿಷ್ ಬಲ್ಲವರು ಅದನ್ನು ಕ್ಯಾಸಿನೊ ಎನ್ನುತ್ತಾರೆ. ಈಗ ನಮ್ಮ ಹಳ್ಳಿಗಳಲ್ಲೂ ಹಾಗೆಯೇ ಎನ್ನುತ್ತಾರೆ. ಆ ಬಾಗಿಲಲ್ಲಿ ಯಾರನ್ನು ಬಿಡುತ್ತಾರೆ, ಯಾರನ್ನು ಬಿಡುವುದಿಲ್ಲ, ಯಾವ ಉಡುಪು ಬೇಕು, ಯಾವ ಗುರುತಿನ ಚೀಟಿ ಬೇಕು? ಇದನ್ನೆಲ್ಲ ಕಟ್ಟಿಕೊಂಡು ನಮಗೇನು ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಎರಡು-ಮೂರು ವರ್ಷಗಳ ಹಿಂದೆ ಆ ಬಾಗಿಲಿನ ಸುದ್ದಿ ನಮ್ಮ ಮನೆಯ ಜಗಲಿಗೇ ಬಂದು ಕುಳಿತಿತು.

ನನ್ನ ಚಿಕ್ಕಪ್ಪನಿಗೆ ಈಗ ಅರವತ್ತು ದಾಟಿದೆ. ಬದುಕಿನುದ್ದಕ್ಕೂ ಪಂಚೆ ಉಟ್ಟವರು. ಮದುವೆಮನೆಗೆ ಬಿಳಿ ಪಂಚೆ, ತೋಟಕ್ಕೆ ಮೊಣಕಾಲ ಮೇಲೆ ಕಟ್ಟಿದ ಪಂಚೆ. 2023ರ ಮಾರ್ಚ್ ತಿಂಗಳು. ಶಿರಸಿ ಪೇಟೆಯಲ್ಲಿ ಮೂರು ಕ್ವಿಂಟಲ್ ಚಾಲಿ ಅಡಿಕೆ ಮಾರಿ ದುಡ್ಡು ತಂದಿದ್ದರು. ಆ ದುಡ್ಡಿನಲ್ಲಿ ಸೊಸೈಟಿಯ ಬೆಳೆಸಾಲ ತೀರಬೇಕಿತ್ತು. ಅಷ್ಟರಲ್ಲಿ ಪರಿಚಯದ ನಾಲ್ವರು ಒಂದು ಬಾಡಿಗೆ ಗಾಡಿ ಮಾಡಿಕೊಂಡು ಪಣಜಿಗೆ ಹೊರಟರು. ಐದನೆಯವರಾಗಿ ಚಿಕ್ಕಪ್ಪ ಕುಳಿತರು. ಹೊರಡುವ ಹಿಂದಿನ ದಿನ ಪೇಟೆಗೆ ಹೋಗಿ, ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ, ಒಂದು ಪ್ಯಾಂಟು ಮತ್ತು ಒಂದು ಜೊತೆ ಕರಿ ಬೂಟು ಕೊಂಡರು. ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ ಎಂದು ಹೋಗಿಬಂದವರು ಹೇಳಿದ್ದರಂತೆ.

ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ, ಕಾರವಾರ ಹಾದು, ಕಾಳಿ ನದಿಯ ಸೇತುವೆ ದಾಟಿದರೆ ಗೋವಾ ಗಡಿ ಹತ್ತಿರವೇ. ಅಲ್ಲಿಂದ ಮುಂದೆ ಪಣಜಿ. ಮಾಂಡೋವಿ ನದಿಯ ದಂಡೆಯಲ್ಲಿ ಟಿಕೆಟ್ ಕೊಟ್ಟು, ಚಿಕ್ಕ ದೋಣಿಯಲ್ಲಿ ಕೂರಿಸಿ, ನದಿಯ ನಡುವೆ ನಿಂತ ಹಡಗಿಗೆ ಕರೆದೊಯ್ಯುತ್ತಾರೆ. ದಂಡೆಯ ಬಾಗಿಲಲ್ಲಿ ಗುರುತಿನ ಚೀಟಿ ನೋಡಿದರು, ಕಾಲು ನೋಡಿದರು. ಜೊತೆಗಿದ್ದ ಒಬ್ಬರ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಅವರನ್ನು ತಡೆದು ನಿಲ್ಲಿಸಿದರು. ಅವರು ಪಕ್ಕದ ಅಂಗಡಿಗೆ ಓಡಿಹೋಗಿ ಹೇಳಿದ ಬೆಲೆ ಕೊಟ್ಟು ಬೂಟು ಕೊಂಡು ಬಂದರು. ಚಿಕ್ಕಪ್ಪನನ್ನು ಮಾತ್ರ ಬಾಗಿಲಿನವನು ಅಡಿಯಿಂದ ಮುಡಿಯವರೆಗೆ ನೋಡಿ, ‘ವೆಲ್‌ಕಂ ಸರ್’ ಎಂದು ಸಲಾಮು ಹೊಡೆದು ಒಳಗೆ ಬಿಟ್ಟ.

ಬೆಳಗಿನ ಜಾವ ಅವರು ದೋಣಿ ಇಳಿಯುವಾಗ ಮೂರು ಕ್ವಿಂಟಲ್ ಚಾಲಿಯ ದುಡ್ಡಿನಲ್ಲಿ ಉಳಿದದ್ದು ಗಾಡಿಯ ಪಾಲಿನ ಬಾಡಿಗೆ ಮಾತ್ರ.

ಇದು ನನಗೆ ಗೊತ್ತಾದದ್ದು ಹದಿನೈದು ದಿನ ಕಳೆದ ಮೇಲೆ. ಎಂದೂ ಒಂದು ರೂಪಾಯಿ ಕೇಳದ ಚಿಕ್ಕಪ್ಪ ನನಗೆ ಫೋನು ಮಾಡಿ ಕೈಗಡ ಕೇಳಿದರು. ಸೊಸೈಟಿಯ ಕಂತಿನ ಗಡುವು ಹತ್ತಿರ ಬಂದಿತ್ತು. ಊರಿಗೆ ಹೋದೆ. ಜಗಲಿಯಲ್ಲಿ ಕುಳಿತು, ಚಿಕ್ಕಮ್ಮ ಒಳಗೆ ಹೋದದ್ದನ್ನು ನೋಡಿಕೊಂಡು, ಮೆಲುದನಿಯಲ್ಲಿ ಎಲ್ಲ ಹೇಳಿದರು. ಕೊನೆಗೆ ಒಂದು ಮಾತು ಅಂದರು, ನಮ್ಮ ಮನೆಮಾತಿನಲ್ಲಿ: ‘ಬೂಟು ಇದ್ದಾ ಕೇಳಿದ ತಮಾ, ಸಾಲ ಇದ್ದಾ ಕೇಳಿದ್ನಿಲ್ಲೆ.’

ಬೂಟು ಇದೆಯೇ ಎಂದು ಕೇಳಿದ, ಸಾಲ ಇದೆಯೇ ಎಂದು ಕೇಳಲಿಲ್ಲ ಎಂದು ಅದರ ಅರ್ಥ. ಅವರು ಅದನ್ನು ದೂರಿನಂತೆ ಹೇಳಲಿಲ್ಲ. ತಪ್ಪು ತನ್ನದೇ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಜೂಜಿನ ಮನೆಯ ಬಾಗಿಲು ಏನು ಕೇಳುತ್ತದೆ, ಏನು ಕೇಳುವುದಿಲ್ಲ? ಈ ಭಾಷಣ ಹುಟ್ಟಿದ್ದು ಆ ಮಾತಿನಿಂದಲೇ.

ಮೊದಲು ಉಡುಪಿನ ಮಾತು. ಜೂಜಿಗೂ ಉಡುಪಿಗೂ ಇರುವ ನಂಟು ಹಳೆಯದು. ಇಟಲಿಯ ವೆನಿಸ್ ನಗರದಲ್ಲಿ 1638ರಲ್ಲಿ ಸರ್ಕಾರವೇ ರಿಡೊಟ್ಟೊ ಎಂಬ ಜೂಜಿನ ಮನೆ ತೆರೆಯಿತು. ಅಲ್ಲಿ ಆಡಲು ಬರುವವರು ಮೂರು ಮೂಲೆಯ ಟೊಪ್ಪಿಗೆ ತೊಟ್ಟು, ಮುಖವಾಡ ಧರಿಸಿ ಬರಬೇಕಿತ್ತು. ಯಾರು ಸೋತರು, ಯಾರು ಗೆದ್ದರು ಎಂಬುದು ಊರಿಗೆ ತಿಳಿಯದಂತೆ ಇರಲಿ ಎಂಬುದಕ್ಕೆ ಮುಖವಾಡ ಅನುಕೂಲವಾಗಿತ್ತು. ನೂರಕ್ಕೂ ಹೆಚ್ಚು ವರ್ಷ ಹೀಗೆ ನಡೆದು, ಮನೆತನಗಳು ದಿವಾಳಿಯಾಗುವುದನ್ನು ಕಂಡ ಮೇಲೆ 1774ರಲ್ಲಿ ಅದನ್ನು ಮುಚ್ಚಿದರು. ಅಂದರೆ ಉಡುಪಿನ ನಿಯಮ ಇದ್ದಷ್ಟು ದಿನವೂ ಕಟ್ಟುನಿಟ್ಟಾಗಿಯೇ ಇತ್ತು. ಅದರಿಂದ ಯಾರ ಮನೆಯೂ ಉಳಿಯಲಿಲ್ಲ.

ನಮ್ಮಲ್ಲಿ ಉಡುಪಿನ ನಿಯಮ ಬಂದದ್ದು ಬ್ರಿಟಿಷರ ಕ್ಲಬ್ಬುಗಳ ಮೂಲಕ. ಬೆಂಗಳೂರಿನ ಬೆಂಗಳೂರು ಕ್ಲಬ್ 1868ರಲ್ಲಿ ಸೇನಾಧಿಕಾರಿಗಳಿಗಾಗಿ ಆರಂಭವಾದದ್ದು. ಮೊದಲ ಎಷ್ಟೋ ವರ್ಷ ಭಾರತೀಯರಿಗೆ ಅಲ್ಲಿ ಸದಸ್ಯತ್ವವೇ ಇರಲಿಲ್ಲ. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಸೆಂಚುರಿ ಕ್ಲಬ್ ಸ್ಥಾಪಿಸಿದರು. ಇಲ್ಲಿ ಒಂದು ಸ್ವಾರಸ್ಯವಿದೆ. ಬೆಂಗಳೂರು ಕ್ಲಬ್ಬಿನ 1899ರ ಕಡತದಲ್ಲಿ ವಸೂಲಾಗದ ಬಾಕಿಯ ಪಟ್ಟಿಯೊಂದಿದೆ. ಅದರಲ್ಲಿ ಒಂದು ಹೆಸರು ಲೆಫ್ಟಿನೆಂಟ್ ಚರ್ಚಿಲ್ ಅವರದು. ಬಾಕಿ 13 ರೂಪಾಯಿ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚರ್ಚಿಲ್ಲರೇ ಅವರು. ಸರಿಯಾದ ಕೋಟು, ಸರಿಯಾದ ಬೂಟು, ಸರಿಯಾದ ಸದಸ್ಯತ್ವ, ಮೂರೂ ಇದ್ದವರು. ಬಾಕಿಯನ್ನು ಮಾತ್ರ ತೀರಿಸಲಿಲ್ಲ. ಉಡುಪು ನೋಡಿ ಮನುಷ್ಯನ ಲೆಕ್ಕ ತಿಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಸ್ವಾತಂತ್ರ್ಯ ಬಂದು ದಶಕಗಳಾದ ಮೇಲೂ ಈ ಬಾಗಿಲುಗಳ ಅಭ್ಯಾಸ ಹೋಗಲಿಲ್ಲ. ಬರಿಗಾಲಿನಲ್ಲಿ ನಡೆಯುತ್ತಿದ್ದ ಚಿತ್ರಕಾರ ಎಂ. ಎಫ್. ಹುಸೇನರನ್ನು 1988ರಲ್ಲಿ ಮುಂಬಯಿಯ ವಿಲಿಂಗ್ಡನ್ ಕ್ಲಬ್ಬಿನಲ್ಲಿ ಒಳಗೆ ಬಿಡಲಿಲ್ಲ. 2014ರ ಜುಲೈ ತಿಂಗಳಲ್ಲಿ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಡಿ. ಹರಿಪರಂಧಾಮನ್ ಪಂಚೆ ಉಟ್ಟು ಪುಸ್ತಕ ಬಿಡುಗಡೆಯ ಸಮಾರಂಭಕ್ಕೆ ಹೋದಾಗ ಚೆನ್ನೈನ ಕ್ರಿಕೆಟ್ ಸಂಸ್ಥೆಯ ಕ್ಲಬ್ಬು ಅವರನ್ನು ಬಾಗಿಲಲ್ಲೇ ತಡೆಯಿತು. ಪ್ರತಿದಿನ ಪೀಠದಲ್ಲಿ ಕುಳಿತು ಇತರರಿಗೆ ನ್ಯಾಯ ಹೇಳುವವರನ್ನೇ ಬಾಗಿಲ ಹೊರಗೆ ನಿಲ್ಲಿಸಿದರು. ಅದರ ಮರುತಿಂಗಳೇ ತಮಿಳುನಾಡು ವಿಧಾನಸಭೆ ಕಾನೂನು ಮಾಡಿತು: ಪಂಚೆ ಮೊದಲಾದ ಸಾಂಪ್ರದಾಯಿಕ ಉಡುಪು ಧರಿಸಿದ್ದಾರೆಂದು ಯಾವ ಕ್ಲಬ್ಬೂ, ಹೋಟೆಲೂ, ಚಿತ್ರಮಂದಿರವೂ ಪ್ರವೇಶ ನಿರಾಕರಿಸುವಂತಿಲ್ಲ, ನಿರಾಕರಿಸಿದರೆ ಪರವಾನಗಿ ಹೋಗುತ್ತದೆ, ಶಿಕ್ಷೆಯೂ ಉಂಟು.

ಹತ್ತು ವರ್ಷಗಳ ಬಳಿಕ ಆ ಅನುಭವ ನಮ್ಮ ಮನೆಬಾಗಿಲಿಗೂ ಬಂತು. 2024ರ ಫೆಬ್ರುವರಿಯಲ್ಲಿ, ಬಟ್ಟೆ ಕೊಳೆಯಾಗಿದೆ ಎಂದು ತಲೆಯ ಮೇಲೆ ಗಂಟು ಹೊತ್ತ ರೈತರೊಬ್ಬರನ್ನು ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ತಡೆದರು. ಟಿಕೆಟ್ ಕೈಯಲ್ಲೇ ಇತ್ತು. ಅದೇ ವರ್ಷ ಜುಲೈನಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಒಳಗೆ ಬಿಡಲಿಲ್ಲ. ವಿಧಾನಸಭೆಯಲ್ಲಿ ಗದ್ದಲವಾಯಿತು. ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಮಾಲಿನವರು ಕ್ಷಮೆ ಕೇಳಿದರು. ಆ ರೈತರ ಜಿಲ್ಲೆ ನಮ್ಮ ಶಿರಸಿ ಸೀಮೆಯ ನೆರೆ. ದೂರದರ್ಶನದ ಪರದೆಯ ಮೇಲೆ ಅವರ ಮುಖ ನೋಡಿದಾಗ ನನಗೆ ಚಿಕ್ಕಪ್ಪನ ನೆನಪಾಯಿತು.

ಏಕೆಂದರೆ ಈ ಎರಡು ಘಟನೆಗಳು ಒಂದೇ ನಾಣ್ಯದ ಎರಡು ಮುಖ. ಪಂಚೆ ಉಟ್ಟವನನ್ನು ಹತ್ತು ಕಡೆ ಕೀಳಾಗಿ ನೋಡಿದಾಗ ಅವನ ಮನಸ್ಸಿನಲ್ಲಿ ಒಂದು ಗಾಯವಾಗುತ್ತದೆ. ಅವನೇ ಒಂದು ದಿನ ಪ್ಯಾಂಟು-ಬೂಟು ಹಾಕಿ ಹೋದಾಗ ದೊಡ್ಡ ಬಾಗಿಲೊಂದು ತೆರೆದು ‘ಸರ್’ ಎಂದರೆ ಆ ಗಾಯಕ್ಕೆ ಮುಲಾಮು ಹಚ್ಚಿದಂತಾಗುತ್ತದೆ. ಚಿಕ್ಕಪ್ಪ ನನ್ನ ಹತ್ತಿರ ಒಪ್ಪಿಕೊಂಡದ್ದು ಇದನ್ನೇ. ಒಳಗೆ ಹೋದ ಮೊದಲ ಅರ್ಧ ಗಂಟೆ ಅವರಿಗೆ ಆಡುವ ಆಸೆಯೇ ಇರಲಿಲ್ಲವಂತೆ. ತನ್ನನ್ನು ಒಳಗೆ ಬಿಟ್ಟರಲ್ಲ ಎಂಬ ಸಂತೋಷದಲ್ಲೇ ಓಡಾಡಿದರಂತೆ. ‘ಇಷ್ಟು ಮರ್ಯಾದೆ ಕೊಟ್ಟವರ ಮುಂದೆ ಸುಮ್ಮನೆ ಊಟ ಮಾಡಿ ಬಂದುಬಿಡಲು ನಾಚಿಕೆಯಾಯಿತು’ ಎಂದರು. ಉಡುಪಿನ ನಿಯಮದ ಕೆಲಸ ಇದು. ಕೆಲವರನ್ನು ಹೊರಗಿಡುತ್ತದೆ ಎಂಬುದು ನಮಗೆ ಕಾಣುತ್ತದೆ. ಒಳಗೆ ಬಂದವರಿಗೆ ‘ನಾನು ಆಯ್ದವನು’ ಎಂಬ ಭಾವನೆ ಕೊಡುತ್ತದೆ ಎಂಬುದು ಅಷ್ಟು ಬೇಗ ಕಾಣುವುದಿಲ್ಲ.

ನಮ್ಮ ಜಾತ್ರೆಗಳಲ್ಲೂ ಜೂಜು ಇತ್ತು, ಇಲ್ಲವೆಂದಲ್ಲ. ಬಯಲಾಟದ ರಂಗಸ್ಥಳದಿಂದ ತುಸು ದೂರ, ಕತ್ತಲಲ್ಲಿ, ಚಿಮಣಿ ದೀಪದ ಸುತ್ತ ಗುಡಗುಡಿಯವನು ಕುಳಿತಿರುತ್ತಿದ್ದ. ಅದೂ ಕಾನೂನುಬಾಹಿರವೇ, ಅದೂ ಮನೆ ಹಾಳು ಮಾಡುವುದೇ. ಆದರೆ ಅಲ್ಲಿಗೆ ಹೋದವನಿಗೆ ಹೆಮ್ಮೆ ಇರುತ್ತಿರಲಿಲ್ಲ. ಯಾರಾದರೂ ನೋಡಿಬಿಟ್ಟಾರು ಎಂಬ ಅಂಜಿಕೆ ಇರುತ್ತಿತ್ತು. ಆ ಅಂಜಿಕೆಯೇ ಒಂದು ಉಣಗೋಲು. ಹೊಸ ಬಾಗಿಲು ಆ ಗಳವನ್ನು ಎತ್ತಿ ಬದಿಗಿಟ್ಟಿತು.

ಈಗ ಬಾಗಿಲ ಒಳಗಿನ ನಿಯಮ ನೋಡೋಣ. ನಾನು ವಿಜ್ಞಾನದ ಪದವೀಧರ. ಇದನ್ನು ಲೆಕ್ಕದಲ್ಲೇ ಹೇಳುತ್ತೇನೆ. ರೂಲೆಟ್ ಎಂಬ ಚಕ್ರದಾಟವಿದೆ. ಯುರೋಪಿನ ಮಾದರಿಯ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ ಒಟ್ಟು 37 ಮನೆಗಳು. ನೀವು ಒಂದು ಸಂಖ್ಯೆಯ ಮೇಲೆ 100 ರೂಪಾಯಿ ಇಟ್ಟು ಅದು ಬಂದರೆ ನಿಮ್ಮ 100 ರೂಪಾಯಿ ಮರಳಿ ಬರುತ್ತದೆ, ಜೊತೆಗೆ ಅದರ 35 ಪಾಲು ಬಹುಮಾನ. ಅಂದರೆ ಒಟ್ಟು 3,600 ರೂಪಾಯಿ. ಕೇಳಲು ಉದಾರವಾಗಿದೆ. ಆದರೆ 37 ಮನೆಗಳ ಮೇಲೂ ನೂರು ನೂರು ಇಟ್ಟರೆ ಖರ್ಚು 3,700, ಮರಳುವುದು 3,600. ಪ್ರತಿ 3,700ಕ್ಕೆ 100 ರೂಪಾಯಿ ಮನೆಗೆ. ನೂರಕ್ಕೆ ಸರಾಸರಿ 2 ರೂಪಾಯಿ 70 ಪೈಸೆ. ಅಮೆರಿಕದ ಮಾದರಿಯ ಚಕ್ರದಲ್ಲಿ ಎರಡು ಸೊನ್ನೆಗಳಿರುವುದರಿಂದ ಅದು 5 ರೂಪಾಯಿ 26 ಪೈಸೆ ಆಗುತ್ತದೆ.

ಇಷ್ಟೇ ತಾನೇ, ಸೊಸೈಟಿಯ ಬಡ್ಡಿಗಿಂತ ಕಡಿಮೆ ಎನ್ನಬೇಡಿ. ಬಡ್ಡಿ ವರ್ಷಕ್ಕೆ. ಇದು ಚಕ್ರ ತಿರುಗಿದಷ್ಟು ಸಲಕ್ಕೂ. ಹತ್ತು ಸಾವಿರ ರೂಪಾಯಿ ತೆಗೆದುಕೊಂಡು ಹೋದವನು ಗೆದ್ದದ್ದನ್ನು ಮತ್ತೆ ಇಟ್ಟು, ಮತ್ತೆ ಇಟ್ಟು, ರಾತ್ರಿಯೆಲ್ಲ ಸೇರಿ ಎರಡು ಲಕ್ಷ ರೂಪಾಯಿಯಷ್ಟು ಪಣ ಹೂಡಿರುತ್ತಾನೆ. ಕಡಿತವಾಗುವುದು ಆ ಎರಡು ಲಕ್ಷದ ಮೇಲೆ. ಒಂದೇ ಸೊನ್ನೆಯ ಚಕ್ರದಲ್ಲೂ ಅದರ ಸರಾಸರಿ ಸುಮಾರು 5,400 ರೂಪಾಯಿ. ಒಬ್ಬನಿಗೆ ಒಂದು ರಾತ್ರಿ ಲಾಭವಾಗಬಹುದು, ಇನ್ನೊಬ್ಬನಿಗೆ ಎಲ್ಲವೂ ಹೋಗಬಹುದು. ಆದರೆ ಹಡಗಿನವನಿಗೆ ಅದೃಷ್ಟ ಬೇಕಿಲ್ಲ. ಜನ ಬರುತ್ತಿದ್ದರೆ ಸಾಕು, ಆಡುತ್ತಿದ್ದರೆ ಸಾಕು. ಸತತ ಐದು ಸಲ ಕೆಂಪು ಬಂತು, ಈಗ ಕಪ್ಪು ಬರಲೇಬೇಕು ಎಂದು ನಂಬಿದ ಎಷ್ಟೋ ಮಂದಿ ಅಲ್ಲಿರುತ್ತಾರೆ. ಚಕ್ರಕ್ಕೆ ನೆನಪಿಲ್ಲ. ಹಿಂದೆ ಏನು ಬಂತು ಎಂಬುದು ಅದಕ್ಕೆ ಗೊತ್ತೇ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಮನುಷ್ಯರಿಗಷ್ಟೇ ಅಲ್ಲ, ದುಡ್ಡಿಗೂ ವೇಷ. ನೋಟು ಕೊಟ್ಟರೆ ಬಣ್ಣದ ಬಿಲ್ಲೆ ಕೊಡುತ್ತಾರೆ. ನಾನು ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕ. ವೇಷಭೂಷಣದ ಶಕ್ತಿ ನನಗೆ ಗೊತ್ತು. ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡ ಮೇಲೆ ನೆರೆಮನೆಯವನೂ ಕೀಚಕನಾಗಿಬಿಡುತ್ತಾನೆ. ಹಾಗೆಯೇ ಬಿಲ್ಲೆಯಾದ ದುಡ್ಡು ಅಡಿಕೆಯ ದುಡ್ಡು ಎನಿಸುವುದಿಲ್ಲ. ಕೊನೆಗೌಡ ಮರ ಹತ್ತಿದ್ದು, ರಾತ್ರಿಯೆಲ್ಲ ಸುಲಿದದ್ದು, ಮಳೆ ಬಂತೆಂದು ಅಂಗಳದಿಂದ ಬಾಚಿ ಒಳಗೆ ಹಾಕಿದ್ದು, ಯಾವುದೂ ಆ ಬಿಲ್ಲೆಯಲ್ಲಿ ಕಾಣುವುದಿಲ್ಲ.

ಹಾಗಾದರೆ ಬಾಗಿಲಿಗೆ ನಿಯಮವೇ ಬೇಡವೇ? ಬೇಕು. ಆದರೆ ಯಾವ ನಿಯಮ ಎಂಬುದು ಪ್ರಶ್ನೆ. ಬೇರೆ ದೇಶಗಳು ಏನು ಮಾಡಿವೆ ನೋಡೋಣ.

ಇಂಗ್ಲೆಂಡಿನಲ್ಲಿ 1968ರ ಜೂಜು ಕಾಯಿದೆಯ ಪ್ರಕಾರ ಕ್ಯಾಸಿನೊಗಳು ಸದಸ್ಯರಿಗೆ ಮಾತ್ರ ಮೀಸಲಾದ ಕ್ಲಬ್ಬುಗಳಾಗಿರಬೇಕಿತ್ತು. ಇಂದು ಹೋಗಿ ಅರ್ಜಿ ಕೊಟ್ಟರೆ ಇಂದೇ ಆಡುವಂತಿರಲಿಲ್ಲ. 48 ಗಂಟೆ ಕಾಯಬೇಕಿತ್ತು. ಆಮೇಲೆ ಅದನ್ನು 24 ಗಂಟೆಗೆ ಇಳಿಸಿದರು. ಸದಸ್ಯತ್ವ ಎಂದರೆ ನಾವು ಪ್ರತಿಷ್ಠೆ ಎಂದುಕೊಳ್ಳುತ್ತೇವೆ. ಆ ಕಾನೂನಿನಲ್ಲಿ ಅದು ಬಿಸಿಯಾದ ತಲೆ ತಣ್ಣಗಾಗಲು ಕೊಟ್ಟ ಸಮಯ. ಎರಡು ದಿನ ಮಲಗಿ ಎದ್ದ ಮೇಲೂ ಹೋಗಬೇಕೆನಿಸಿದರೆ ಹೋಗು ಎಂಬ ತಿಳಿವಳಿಕೆ ಅದರಲ್ಲಿತ್ತು. ಉದ್ಯಮಕ್ಕೆ ಅನುಕೂಲವಾಗಲೆಂದು 2005ರಲ್ಲಿ ಆ ಕಾಯುವ ನಿಯಮವನ್ನು ತೆಗೆದುಹಾಕಿದರು.

ಸಿಂಗಪುರದಲ್ಲಿ 2010ರಲ್ಲಿ ಕ್ಯಾಸಿನೊಗಳು ಆರಂಭವಾದಾಗ ಸರ್ಕಾರ ತನ್ನ ಪ್ರಜೆಗಳಿಗೆ ಪ್ರವೇಶ ಶುಲ್ಕ ಹೇರಿತು. ಪ್ರವಾಸಿಗೆ ಇಲ್ಲ, ತನ್ನವರಿಗೆ ಉಂಟು. ಮೊದಲು ದಿನಕ್ಕೆ 100 ಸಿಂಗಪುರ ಡಾಲರ್ ಇತ್ತು, 2019ರಿಂದ 150. ಇನ್ನೂ ಮುಖ್ಯವಾದದ್ದು ಬೇರೆ ಇದೆ. ಅಲ್ಲಿ ದಿವಾಳಿಯೆಂದು ಘೋಷಿತನಾದವನಿಗೆ, ಸರ್ಕಾರದ ಹಣಕಾಸು ನೆರವಿನಲ್ಲಿ ಬದುಕುವವನಿಗೆ ಪ್ರವೇಶವೇ ಇಲ್ಲ. ‘ನನ್ನನ್ನು ಬಿಡಬೇಡಿ’ ಎಂದು ಯಾರಾದರೂ ತಾವೇ ಬರೆದುಕೊಡಬಹುದು. ಹೆಂಡತಿಯೋ ಗಂಡನೋ ಮಕ್ಕಳೋ ಅರ್ಜಿ ಕೊಟ್ಟು ಮನೆಯವರನ್ನು ತಡೆಯುವಂತೆ ಕೇಳಬಹುದು. ಅಂದರೆ ಆ ಬಾಗಿಲು ಚಿಕ್ಕಪ್ಪ ಹೇಳಿದ ಆ ಎರಡನೆಯ ಪ್ರಶ್ನೆಯನ್ನೂ ಕೇಳುತ್ತದೆ. ದಕ್ಷಿಣ ಕೊರಿಯಾದಲ್ಲಿ ತನ್ನ ಪ್ರಜೆಗಳಿಗೆ ತೆರೆದಿರುವುದು ಒಂದೇ ಒಂದು ಕ್ಯಾಸಿನೊ. ಉಳಿದವೆಲ್ಲ ವಿದೇಶಿಯರಿಗೆ. ಮೊನಾಕೊ ದೇಶದ ಪ್ರಜೆಗಳು ತಮ್ಮದೇ ಊರಿನ, ಜಗತ್ಪ್ರಸಿದ್ಧವಾದ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಆಡುವಂತಿಲ್ಲ. ನಮ್ಮ ನೆರೆಯ ನೇಪಾಳದಲ್ಲೂ ನೇಪಾಳಿಗಳಿಗೆ ನಿಷೇಧ.

ಗೋವಾದಲ್ಲಿ? 1976ರ ಜೂಜು ಕಾಯಿದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಜೂಜು ಯಂತ್ರಗಳಿಗೆ ಅವಕಾಶ ಕೊಟ್ಟರು. 1996ರಲ್ಲಿ ಮತ್ತೊಂದು ತಿದ್ದುಪಡಿಯಾಗಿ ಹಡಗುಗಳ ಮೇಲೆ ಮೇಜಿನ ಆಟಗಳಿಗೂ ದಾರಿಯಾಯಿತು. ಮಾಂಡೋವಿಯಲ್ಲಿ ಹಡಗುಗಳು ನಿಂತಿರುವುದರ ಕಾರಣ ಇದು. ಒಳಗೆ ಹೋಗಲು 21 ವರ್ಷ ತುಂಬಿರಬೇಕು. 2020ರ ಫೆಬ್ರುವರಿ 1ರಿಂದ ಗೋವಾದ ನಿವಾಸಿಗಳು ಅಲ್ಲಿ ಆಡುವುದನ್ನು ಆ ಸರ್ಕಾರ ನಿರ್ಬಂಧಿಸಿತು. ತನ್ನ ಜನರ ಮನೆ ಹಾಳಾಗಬಾರದೆಂಬ ಕಾಳಜಿ ಒಳ್ಳೆಯದೇ, ಅದನ್ನು ಆಕ್ಷೇಪಿಸಲಾರೆ. ಆದರೆ ಗಡಿಯ ಈಚೆಯವನು ಏನಾದ? ನಮ್ಮ ಕಾರವಾರ, ಶಿರಸಿ, ಬೆಳಗಾವಿ, ಹುಬ್ಬಳ್ಳಿಯವನನ್ನು ಆ ಬಾಗಿಲು ಪ್ರವಾಸಿ ಎಂದು ಕರೆಯುತ್ತದೆ. ರಾತ್ರಿ ಹೋಗಿ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಮನೆಗೆ ಬರುವವನು ಎಂಥ ಪ್ರವಾಸಿ? ಅವನ ಮೇಲೆ ಗೋವಾದ ಕಾಳಜಿ ಇಲ್ಲ. ನಮ್ಮ ರಾಜ್ಯದ ಕಾನೂನಿನ ಕೈ ಅಲ್ಲಿಗೆ ಮುಟ್ಟುವುದಿಲ್ಲ.

ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. 1963ರ ಕರ್ನಾಟಕ ಪೊಲೀಸ್ ಕಾಯಿದೆಯ ಪ್ರಕಾರ ಜೂಜಿನ ಅಡ್ಡೆ ನಡೆಸುವುದೂ ಅಪರಾಧ, ಅಲ್ಲಿ ಸಿಕ್ಕಿಬೀಳುವುದೂ ಅಪರಾಧ. ಕೌಶಲದ ಆಟಗಳಿಗೆ ಮಾತ್ರ ವಿನಾಯಿತಿ. ಇಸ್ಪೀಟಿನ ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿದ ಮೇಲೆ ‘ರಿಕ್ರಿಯೇಶನ್ ಕ್ಲಬ್’ ಎಂಬ ಫಲಕಗಳು ಪೇಟೆ ಪೇಟೆಗಳಲ್ಲಿ ಎದ್ದವು. ಅಲ್ಲಿ ಸದಸ್ಯರಿಗೆ ಮಾತ್ರ ಪ್ರವೇಶ ಎಂಬ ನಿಯಮವಿರುತ್ತದೆ. ಆದರೆ ಬಾಗಿಲಲ್ಲೇ ಹೆಸರು ಬರೆದು ಆ ಕ್ಷಣದಲ್ಲೇ ಸದಸ್ಯನನ್ನಾಗಿ ಮಾಡಿದರೆ ಆ ನಿಯಮಕ್ಕೆ ಏನರ್ಥ? ದನ ಬಂದ ಕೂಡಲೇ ಗಳ ತೆಗೆದುಕೊಡುವ ಉಣಗೋಲಿನಂತೆ.

ಇಷ್ಟು ಹೊತ್ತು ಬಾಗಿಲಿನ ಮಾತಾಡಿದೆ. ಆದರೆ ಬಾಗಿಲೇ ಇಲ್ಲದ ಜೂಜಿನ ಮನೆಯೊಂದು ನಮ್ಮೆಲ್ಲರ ಜೇಬಿನಲ್ಲಿದೆ. ಮೊಬೈಲ್ ಫೋನಿಗೆ ಪಂಚೆಯೂ ಒಂದೇ, ಪ್ಯಾಂಟೂ ಒಂದೇ. ಹಾಸಿಗೆಯಲ್ಲಿ ಮಲಗಿದವನ ವಯಸ್ಸನ್ನೂ ಅದು ಸರಿಯಾಗಿ ಕೇಳುವುದಿಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ದೇಶಕ್ಕೆಲ್ಲ ಅನ್ವಯಿಸುವಂತೆ ಹಣದ ಆನ್‌ಲೈನ್ ಆಟಗಳ ವಿರುದ್ಧ ಕಾನೂನು ಮಾಡಿದೆ. ಕಾನೂನು ಬೇಕು, ಸರಿಯೇ. ಆದರೆ ಮಧ್ಯರಾತ್ರಿ ಹೊದಿಕೆಯೊಳಗೆ ಬೆಳಗುವ ಪರದೆಯ ಮುಂದೆ ಪೊಲೀಸರು ಬಂದು ನಿಲ್ಲಲಾರರು.

ಆದ್ದರಿಂದ ಉಳಿದದ್ದು ನಮ್ಮ ನಮ್ಮ ಉಣಗೋಲು. ಹೊರಡುವ ಮೊದಲು ನಮ್ಮನ್ನು ನಾವೇ ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಒಂದು, ಈ ದುಡ್ಡು ಬೇರೆ ಯಾರಿಗಾದರೂ ಸಲ್ಲಬೇಕಾದದ್ದೇ? ಎರಡು, ಹೋಗುವುದು ಮನೆಯಲ್ಲಿ ಗೊತ್ತಿದೆಯೇ? ಮೂರು, ಇಷ್ಟೂ ಹೋದರೆ ನಾಳೆ ಬೆಳಗಿನ ಬದುಕು ಎಂದಿನಂತೆ ನಡೆಯುತ್ತದೆಯೇ? ಮೂರರಲ್ಲಿ ಒಂದಕ್ಕೆ ಉತ್ತರ ತಡವರಿಸಿದರೂ ಗಳ ಸರಿಸಬಾರದು. ಇಂಗ್ಲೆಂಡಿನವರು ಕೈಬಿಟ್ಟ ಆ 48 ಗಂಟೆಯನ್ನು ನಾವು ನಮ್ಮ ಮನೆಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಡ.

ಇನ್ನು ಒಮ್ಮೆ ಹೋಗಿ ಬಿಡಲಾರದವರ ವಿಷಯ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಅಂದರೆ ಅದಕ್ಕೆ ಚಿಕಿತ್ಸೆ ಇದೆ. ಮಾನಸಿಕ ನೆರವಿಗಾಗಿ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು. ಕೈಗಡ ಕೇಳುವ ಮೊದಲು ಆ ಸಂಖ್ಯೆಗೆ ಒಂದು ಕರೆ ಮಾಡಿದರೆ ತಪ್ಪಿಲ್ಲ. ಮನೆಯವರಿಗೂ ಒಂದು ಮಾತು: ಸೋತು ಬಂದವನನ್ನು ಊರ ಮುಂದೆ ನಾಚಿಕೆಪಡಿಸಬೇಡಿ. ನಾಚಿಕೆಯಾದವನು ಕಳೆದದ್ದನ್ನು ಮರಳಿ ಪಡೆಯಲು ಮತ್ತೆ ಅಲ್ಲಿಗೇ ಹೋಗುತ್ತಾನೆ.

ನಮ್ಮ ಚಿಕ್ಕಮ್ಮ ಮಾಡಿದ್ದು ಅದನ್ನೇ. ಒಗೆಯಲು ಹಾಕಿದ್ದ ಪ್ಯಾಂಟು ನೋಡಿ ‘ಇದು ಯಾರ್ದು?’ ಎಂದು ಕೇಳಿದರಂತೆ. ಚಿಕ್ಕಪ್ಪ ಎಲ್ಲ ಹೇಳಿದರು. ಅವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಸೊಸೈಟಿಯ ಕಂತಿಗೆ ಎಷ್ಟು ಕಡಿಮೆ ಬಿದ್ದಿದೆ ಎಂದು ಕೇಳಿ, ಹಾಲಿನ ದುಡ್ಡಿನ ಡಬ್ಬ ತಂದು ಮುಂದಿಟ್ಟರು. ಉಳಿದದ್ದಕ್ಕೆ ನನ್ನ ಕೈಗಡ. ಅದು ಎರಡು ಸುಗ್ಗಿಯಲ್ಲಿ ಪೂರ್ತಿ ತೀರಿತು. ಬೇಡವೆಂದರೂ ಚಿಕ್ಕಪ್ಪ ಬಿಡಲಿಲ್ಲ.

ಈ ಭಾಷಣದಲ್ಲಿ ಅವರ ಕತೆ ಹೇಳಲೇ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಹೆಸರು ಹೇಳಡ, ಊರು ಹೇಳಲಕ್ಕು’ ಎಂದರು. ಹೆಸರು ಹೇಳಬೇಡ, ಊರು ಹೇಳಬಹುದು. ಹಾಗಾಗಿ ಊರಿನ ಹೆಸರಷ್ಟೇ ಹೇಳಿದ್ದೇನೆ. ಆ ಪ್ಯಾಂಟು ಪೆಟ್ಟಿಗೆಯ ತಳ ಸೇರಿದೆ. ಕರಿ ಬೂಟನ್ನು ಮಾತ್ರ ಅವರು ದಂಡ ಮಾಡಿಲ್ಲ. ಮಳೆಗಾಲದಲ್ಲಿ ಉಂಬಳ ಹತ್ತದಂತೆ ಅದನ್ನೇ ತೊಟ್ಟು, ಪಂಚೆಯನ್ನು ಮೊಣಕಾಲ ಮೇಲೆ ಕಟ್ಟಿ, ಉಣಗೋಲಿನ ಗಳ ಸರಿಸಿ ತೋಟಕ್ಕೆ ಹೋಗುತ್ತಾರೆ. ಒಳಗೆ ಹೋದ ಮೇಲೆ ಗಳವನ್ನು ಮತ್ತೆ ಸಿಕ್ಕಿಸುವುದನ್ನು ಅವರು ಎಂದೂ ಮರೆತದ್ದಿಲ್ಲ.